ಆಡು ಕೆಡವಿದ ಗಾಡಿ

ನಮ್ಮ ಮನೆಯಲ್ಲಿ ಒಂದು ಮೋಟರ್‌ಸೈಕಲ್ ಇದೆ. ಓಡಿಸುವವನು ನಾನು, ಒರೆಸುವವನು ನಾನು, ಪಂಕ್ಚರ್ ಆದಾಗ ಬಿಸಿಲಿನಲ್ಲಿ ದೂಡಿಕೊಂಡು ಬರುವವನೂ ನಾನೇ. ಮಾಲಕಿ ಮಾತ್ರ ನನ್ನ ಹೆಂಡತಿ ವಾಣಿಶ್ರೀ. ಮೂರು ವರ್ಷದ ಹಿಂದೆ ಅವಳ ತಮ್ಮ ವೀರೇಶ ಅದನ್ನು ಕೊಡಿಸುವಾಗ ಕಾಗದಪತ್ರವನ್ನೆಲ್ಲ ಅಕ್ಕನ ಹೆಸರಿಗೇ ಮಾಡಿಸಿದ. 'ಮಾಮಾರು ಬ್ಯಾಸರ ಮಾಡ್ಕೋಬ್ಯಾಡ್ರಿ' ಎಂದ. (ನಾನು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಗಾಡಿಯೇ ಬರುತ್ತಿರಲಿಲ್ಲ.)

ನನ್ನ ಉದ್ಯೋಗವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಆದ ಅನಾಹುತದಲ್ಲಿ ಅದರ ಪಾಲೂ ಇದೆ. ಗದಗಿನ ಕಚೇರಿಯೊಂದರ ಎದುರು, ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ನಾನು ಇಪ್ಪತ್ತಾರು ವರ್ಷಗಳಿಂದ ಜನರ ಅರ್ಜಿ, ತಕರಾರು, ಪ್ರಮಾಣಪತ್ರ ಬರೆದುಕೊಡುತ್ತಿದ್ದೇನೆ. 'ಸದರಿ ಘಟನೆಗೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ' ಎಂಬ ವಾಕ್ಯವನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬರೆದೂ ಬರೆದೂ ಅದು ಕೈಯಿಂದ ನಾಲಿಗೆಗೆ ಹತ್ತಿ, ನಾಲಿಗೆಯಿಂದ ಸಂಸಾರಕ್ಕೂ ಬಂದುಬಿಟ್ಟಿತು. ಹಾಲು ಉಕ್ಕಿದರೆ ತಪ್ಪು ಒಲೆಯದು, ಗಡಿಯಾರ ಬಿದ್ದರೆ ತಪ್ಪು ಮೊಳೆಯದು, ಬೀಗದ ಕೈ ಕಳೆದರೆ ತಪ್ಪು ಅಂಗಿ ಹೊಲಿದ ದರ್ಜಿಯದು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಮೇಲೆ ಒಂದೇ ಒಂದು ಆಪಾದನೆಯೂ ಸಾಬೀತಾಗಿಲ್ಲ. ಇದೊಂದು ದಾಖಲೆ ಎಂದು ಬೀಗುತ್ತಿದ್ದೆ. ಆ ದಾಖಲೆಯೇ ನನ್ನನ್ನು ಮುಳುಗಿಸಿತು.

ಶ್ರಾವಣದ ಒಂದು ಶನಿವಾರ ಅತ್ತೆಯವರಿಗೆ ಮೊಣಕಾಲು ನೋವಿನ ಎಣ್ಣೆ ಮುಟ್ಟಿಸಿ ಬರಲು ಕುರ್ತಕೋಟಿಗೆ ಹೋಗಬೇಕಾಯಿತು. ಅದು ವಾಣಿಶ್ರೀಯ ತವರು. ಸುತ್ತಲೂ ಕಪ್ಪು ಮಣ್ಣಿನ ಎರೆ ಹೊಲ, ಹಿಂದಿನ ದಿನವಷ್ಟೇ ಒಳ್ಳೆ ಮಳೆಯಾಗಿತ್ತು. ಹೊರಡುವಾಗ ಅವಳು ಎಂದಿನ ಹಾಗೆ ಬಾಗಿಲಲ್ಲಿ ನಿಂತು ಹೇಳಿದಳು.

"ಎರಿ ಮ್ಯಾಲ ಗಾಡಿ ಹಚ್ಚಿದ್ರ ಸ್ಟ್ಯಾಂಡಿನ ಬುಡಕ ಕಲ್ಲ ಇಡ್ರಿ. ಒಣಗಿದಂಗ ಕಾಣತೈತಿ, ಒಳಗ ಬೆಣ್ಣಿ ಇದ್ದಂಗ ಇರತೈತಿ."

"ಗೊತ್ತೈತಿ."

"ಗೊತ್ತಿದ್ರ ಚಲೋ ಆತು. ಡಿಕ್ಕಿಯೊಳಗ ಒಂದ ಚಪ್ಪಟ ಹೆಂಚು ಇಟ್ಟೇನಿ."

"ಗಾಡಿ ಹಚ್ಚಾಕ ನಿನ್ನ ಕಡಿಂದ ಕಲಿಬೇಕಾಗಿಲ್ಲ ನಾನು. ನಿಮ್ಮ ಎರಿ ಹೊಲದ ಪುರಾಣ ಸಾಕು."

ಹೀಗೆ ಹೇಳಿ ಹೋದವನಿಗೆ ಹಿಂದಿರುಗುವಾಗ ದಾರಿಯಲ್ಲಿ ಒಂದಕ್ಕೆ ಅವಸರವಾಯಿತು. ಅತ್ತೆಯವರು ಒತ್ತಾಯ ಮಾಡಿ ಎರಡು ತಂಬಿಗೆ ಮಜ್ಜಿಗೆ ಕುಡಿಸಿದ್ದರು (ಇಲ್ಲಿ ಅತ್ತೆಯವರ ತಪ್ಪೂ ಸ್ವಲ್ಪ ಇದೆ). ರಸ್ತೆ ಬಿಟ್ಟು ಒಂದು ಹೊಲದ ಬದುವಿಗೆ ಗಾಡಿ ಇಳಿಸಿ, ಸೈಡ್ ಸ್ಟ್ಯಾಂಡ್ ಹಾಕಿದೆ. ಹೆಂಚು ನೆನಪಾಯಿತು. ಎರಡು ನಿಮಿಷದ ಕೆಲಸಕ್ಕೆ ಹೆಂಚು ಯಾಕೆ ಎಂದುಕೊಂಡು ಹತ್ತಿ ಬೆಳೆಯ ಕಡೆ ಮುಖ ಮಾಡಿ ನಿಂತೆ.

ಅರ್ಧ ಕೆಲಸ ಆಗಿತ್ತು. ಬೆನ್ನ ಹಿಂದೆ ಮೊದಲು ಒಂದು ನಿಟ್ಟುಸಿರಿನಂಥ ಸದ್ದು, ಆಮೇಲೆ ಧಡಾರೆಂಬ ಸದ್ದು. ತಕ್ಷಣ ತಿರುಗಿ ನೋಡುವ ಸ್ಥಿತಿಯಲ್ಲಿ ನಾನು ಇರಲಿಲ್ಲ ಎಂಬುದನ್ನು ಓದುಗರು ಅರ್ಥ ಮಾಡಿಕೊಳ್ಳಬೇಕು. ತಿರುಗಿದಾಗ ಸ್ಟ್ಯಾಂಡು ಗೇಣುದ್ದ ಮಣ್ಣಿನೊಳಗೆ ಇಳಿದಿತ್ತು. ಗಾಡಿ ಎಡಗಡೆಗೆ ಮಲಗಿತ್ತು. ಬಿದ್ದದ್ದಾದರೂ ಮೆತ್ತಗಿನ ಮಣ್ಣಿನ ಮೇಲೆ ಬೀಳಬೇಕೋ ಬೇಡವೋ? ಇಡೀ ಹೊಲ ಬಿಟ್ಟು, ಎಲ್ಲೆಯ ಗುರುತಿಗೆ ನೆಟ್ಟ ಹದ್ದಿನ ಕಲ್ಲಿನ ಮೇಲೆಯೇ ಬಿದ್ದಿತ್ತು. ಊರ ಮಂದಿಯ ಹದ್ದುಬಸ್ತಿನ ಅರ್ಜಿಗಳನ್ನೆಲ್ಲ ಬರೆದ ನನಗೆ ಒಂದು ಹದ್ದಿನ ಕಲ್ಲು ಇಷ್ಟು ಗಟ್ಟಿಯಾಗಿ ಇರುತ್ತದೆಂದು ಅಂದೇ ತಿಳಿದದ್ದು. ಪೆಟ್ರೋಲ್ ಟಾಕಿ ಬೋಗುಣಿಯಷ್ಟು ಅಗಲಕ್ಕೆ ನೆಗ್ಗಿತ್ತು. ಕನ್ನಡಿ ಒಡೆದಿತ್ತು. ಎಡಗಡೆಯ ಇಂಡಿಕೇಟರ್ ವೈರಿನ ಆಧಾರದ ಮೇಲೆ ಜೋತಾಡುತ್ತಿತ್ತು. ಕ್ಲಚ್ಚಿನ ಹಿಡಿಕೆ ಒಳಗೆ ಬಾಗಿತ್ತು.

ಒಬ್ಬನೇ ಎತ್ತಲು ಹೋಗಿ ನಾನೂ ಅದರ ಮೇಲೆ ಕೂತೆ. ಆಚೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳು ಓಡಿ ಬಂದು ಗಾಡಿಯನ್ನೂ ನನ್ನನ್ನೂ ಎತ್ತಿ ನಿಲ್ಲಿಸಿದರು.

"ಎರಿ ಮ್ಯಾಲ ಹಂಗ ಹಚ್ಚತಾರೇನ್ರಿ ಸಾವಕಾರ? ಬುಡಕ ಒಂದ ಹೆಂಚಿನ ತುಂಡರ ಇಡಬಾರದ?" ಎಂದಳು ಹಿರಿಯಳು.

ಗುರುತಿಲ್ಲದ ಹೆಂಗಸಿನ ಬಾಯಲ್ಲೂ ನನ್ನ ಹೆಂಡತಿಯ ಮಾತು. ಇನ್ನು ಖುದ್ದು ಹೆಂಡತಿಯ ಬಾಯಲ್ಲಿ ಅದು ಹೇಗೆ ಕೇಳಿಸೀತು ಎಂದು ನೆನೆದೇ ನಾನು ಬೆವತೆ. ಟಾಕಿ ನೆಗ್ಗಿದ್ದಕ್ಕೆ ನಾನು ಹೆದರಲಿಲ್ಲ. 'ನಾ ಹೇಳಿದ್ದೆ' ಎಂಬ ಆ ಎರಡು ಶಬ್ದಕ್ಕೆ ಹೆದರಿದೆ. ಮಲ್ಲಸಮುದ್ರದ ಹತ್ತಿರ ಗಾಡಿ ತೊಳೆಯುವಲ್ಲಿ ನಿಲ್ಲಿಸಿ, ಎರೆ ಮಣ್ಣಿನ ಒಂದು ಕಣವೂ ಉಳಿಯದಂತೆ ತೊಳೆಸಿದೆ. ಬೆಟಗೇರಿಯ ಮನೆಗೆ ಬಂದು, ಎಡಗಡೆ ಗೋಡೆಗೆ ಬರುವ ಹಾಗೆ ಅಂಗಳದಲ್ಲಿ ಹಚ್ಚಿ, ಒಳ್ಳೆಯವನ ಹಾಗೆ ಒಳಗೆ ಹೋದೆ.

ಅಂಗಳ ಎಂದರೆ ನಮ್ಮದೊಬ್ಬರದೇ ಅಲ್ಲ. ನಮ್ಮ ಮನೆಗೂ ನಜೀರಸಾಬರ ಮನೆಗೂ ನಡುವೆ ಒಂದೇ ಗೋಡೆ, ಮುಂದೆ ಒಂದೇ ಅಂಗಳ. ನಜೀರಸಾಬರು ತಗಡಿನ ಟ್ರಂಕು ಮಾಡುವವರು, ಮಿತಭಾಷಿ. ಅವರ ಹೆಂಡತಿ ಅಲ್ಮಾಸಬಿ. ಒಬ್ಬಳೇ ಮಗಳು ಅಫ್ರೀನಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟ ಮೇಲೆ ಅಲ್ಮಾಸಬಿಯ ಅಕ್ಕರೆಯೆಲ್ಲ ಒಂದು ಆಡಿನ ಮೇಲೆ ಬಿತ್ತು. ಅದಕ್ಕೆ ಶಹಜಾದಿ ಎಂದು ಹೆಸರು. ಹೆಸರಿಗೆ ತಕ್ಕಂತೆ ಅದು ನೆಲದ ಮೇಲೆ ನಿಂತದ್ದು ಕಡಿಮೆ. ಕಟ್ಟೆ, ಟ್ರಂಕು, ಬೋರಲು ಹಾಕಿದ ಬಾನಿ, ಎಲ್ಲಿ ಎತ್ತರವಿದೆಯೋ ಅಲ್ಲೇ ಅದರ ದರಬಾರು. ವಾಣಿಶ್ರೀಗೂ ಅದರ ಮೇಲೆ ಜೀವ. ದಿನಾ ಒಂದು ರೊಟ್ಟಿ ಅದರ ಪಾಲಿಗೆ ತೆಗೆದಿಡುತ್ತಿದ್ದಳು. ನಡುಗೋಡೆಯಲ್ಲಿದ್ದ ಸಣ್ಣ ಕಿಟಕಿಯಿಂದ ಈಚೆಯ ಪಲ್ಯ ಆಚೆಗೆ, ಆಚೆಯ ಆಡಿನ ಹಾಲು ಈಚೆಗೆ ಹೋಗಿ ಬಂದು ಮಾಡುತ್ತಿದ್ದವು.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ವಾಣಿಶ್ರೀ ಕಸ ಗುಡಿಸಲು ಗಾಡಿ ಸರಿಸಿದಳು. ಕಸಬರಿಗೆ ಕೆಳಗೆ ಬಿತ್ತು.

"ರೀ, ಬರ್ರಿ ಇಲ್ಲೆ. ಇದೇನಿದು?"

"ಯಾವುದು?"

"ಯಾವುದಂತ ಕೇಳತೀರೇನು? ಟಾಕಿ ನೆಗ್ಗೈತಿ, ಕನ್ನಡಿ ಒಡದೈತಿ, ಈ ದೀಪ ನೋಡ್ರಿ, ಕಿವಿ ಹರದ ವಾಲಿ ಜೋತಾಡಿದಂಗ ಜೋತಾಡಾಕ ಹತ್ತೈತಿ. ಎಲ್ಲೆ ಕೆಡವಿದ್ರಿ? ಎರಿ ಮ್ಯಾಲ ಹಚ್ಚಿದ್ರೇನು?"

ಆ ಕ್ಷಣಕ್ಕೆ ಸರಿಯಾಗಿ ಶಹಜಾದಿ ಎಲ್ಲಿಂದಲೋ ಬಂದು, ಮುಂಗಾಲೆರಡನ್ನೂ ಗಾಡಿಯ ಸೀಟಿನ ಮೇಲೆ ಊರಿ ನಿಂತಿತು.

ನಾನು ಸುಳ್ಳು ಹೇಳಲಿಲ್ಲ. ಇದನ್ನು ಯಾವ ನ್ಯಾಯಾಲಯದಲ್ಲಿ ಬೇಕಾದರೂ ಹೇಳುತ್ತೇನೆ. ನಾನು ಆಡಿನ ಕಡೆ ನೋಡಿದೆ, ಅಷ್ಟೆ. ಸ್ವಲ್ಪ ದೀರ್ಘವಾಗಿ ನೋಡಿದೆ. ಆಮೇಲೆ ದುಃಖದಿಂದ ಚಹಾದ ಕಡೆ ನೋಡಿದೆ. ವಾಣಿಶ್ರೀಯೂ ಆಡನ್ನು ನೋಡಿದಳು.

"ಇದು ಕೆಡವಿತೇನು?"

ನಾನು ಒಂದು ಗುಟುಕು ಚಹಾ ಕುಡಿದೆ.

"ಯಾವಾಗ?"

"ನಿನ್ನೆ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಬಾಜೂಕಿನವರ ಜೋಡಿ ಮಾತಿಗೆ ಮಾತು ಬ್ಯಾಡ ಅಂತ ನಾನ ಎತ್ತಿ ನಿಲ್ಲಿಸಿ ಸುಮ್ಮನಾದೆ."

(ಎತ್ತಿದ್ದು ಪೂರ್ತಿ ಸುಳ್ಳಲ್ಲ. ಮೂರರಲ್ಲಿ ಒಂದು ಪಾಲು ನಾನೂ ಎತ್ತಿದ್ದೆ.)

ವಾಣಿಶ್ರೀ ಸುಮ್ಮನಾಗುವವಳಲ್ಲ. ಸೆರಗು ಸಿಕ್ಕಿಸಿಕೊಂಡು ಆಚೆಯ ಬಾಗಿಲಿಗೆ ಹೋದಳು. ಅಲ್ಮಾಸಬಿ ಕೈಗೆ ಹಿಟ್ಟು ಹಚ್ಚಿಕೊಂಡೇ ಹೊರಗೆ ಬಂದರು.

"ಅಕ್ಕಾರ, ನಮ್ಮ ಶಹಜಾದಿ ಏರತಾಳ ಖರೆ, ಕೆಡವಾಕಿ ಅಲ್ಲ. ಅಕಿ ತೂಕರ ಎಷ್ಟೈತಿ ಹೇಳ್ರಿ."

"ತೂಕ ನಾ ಏನ್ ಮಾಡ್ಲಿ? ನನ್ನ ಗಾಡಿ ನೋಡ್ರಿ. ನಮ್ಮವರು ಸುಳ್ಳ ಹೇಳತಾರೇನು?"

ಅಲ್ಮಾಸಬಿ ನನ್ನ ಕಡೆ ತಿರುಗಿದರು. "ಅಣ್ಣಾರ, ನೀವು ಕಣ್ಣಿಲೆ ನೋಡೀರೇನು?"

'ಹೂಂ' ಎಂಬುದು ಒಂದು ಶಬ್ದವೇ ಅಲ್ಲ. ಬಾಯಿ ಕೂಡ ತೆಗೆಯಬೇಕಿಲ್ಲ. ನಾನು ಲೋಟದೊಳಗೆ ಅದನ್ನು ಬಿಟ್ಟೆ. ಅಲ್ಮಾಸಬಿಯ ಮುಖ ಸಣ್ಣದಾಯಿತು. ಆಡನ್ನು ಎಳೆದುಕೊಂಡು ಒಳಗೆ ಹೋಗಿ ಕಟ್ಟಿದರು. ಅವರು ಜಗಳವಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಧ್ಯಾಹ್ನ ನಜೀರಸಾಬರು ಬಂದು ತಾವೇ ಟಾಕಿ ಬಿಚ್ಚಿಕೊಂಡರು. ಬೇಡವೆಂದರೂ ಕೇಳಲಿಲ್ಲ. ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಕೂತು, ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತ ನೆಗ್ಗು ತೆಗೆಯತೊಡಗಿದರು. ನಾನು ಪಕ್ಕದಲ್ಲಿ ಅಪರಾಧಿಯಂತೆ, ಅಲ್ಲ, ಅಪರಾಧಿಯಾಗಿಯೇ ಕೂತಿದ್ದೆ. ತಟ್ಟುವುದನ್ನು ನಿಲ್ಲಿಸಿ ಅವರು ನೆಗ್ಗಿನ ಮೇಲೆ ಬೆರಳಾಡಿಸಿದರು.

"ಅಣ್ಣಾರ, ಇದು ಚೂಪ ಕಲ್ಲಿಗೆ ಬಡದಂಗ ಐತಲ್ರಿ. ಬರೇ ನೆಲಕ್ಕ ಬಿದ್ರ ಹಿಂಗ ನೆಗ್ಗಂಗಿಲ್ಲ."

ಬಾಗಿಲು ತೆರೆದಿತ್ತು. ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಒಳಗೆ ವಾಣಿಶ್ರೀ ಒಗ್ಗರಣೆ ಹಾಕುತ್ತಿದ್ದಳು, ಅವಳಿಗೆ ಕೇಳಿಸುತ್ತದೆ ಎನಿಸಿತು.

"ಅಂಗಳದಾಗ ಕಲ್ಲ ಇದ್ದುವಲ್ರಿ ಸಾಬ್ರ, ಅದಕ್ಕ ಬಡದೈತಿ" ಎಂದೆ. ಇದು ಮಾತ್ರ ನೋಟವಲ್ಲ, ಹೂಂ ಅಲ್ಲ. ಕರ್ತೃ, ಕ್ರಿಯಾಪದ ಸಹಿತವಾದ ಸುಳ್ಳು.

"ನೀವ ಅಂದಮ್ಯಾಲ ಆತು ಬಿಡ್ರಿ" ಎಂದು ಅವರು ಮತ್ತೆ ಕೊಡತಿ ಎತ್ತಿಕೊಂಡರು.

ಟಾಕಿ ಮೊದಲಿನಂತಾಯಿತು. ಕ್ಲಚ್ಚಿನ ಹಿಡಿಕೆ ನೆಟ್ಟಗಾಯಿತು. ಕನ್ನಡಿ, ಇಂಡಿಕೇಟರ್ ಹೊಸವು ಬಂದವು, ಅವನ್ನೂ ನಜೀರಸಾಬರೇ ತಂದು ಹಾಕಿದರು. ಗಾಡಿ ಬಿದ್ದದ್ದು ಗೊತ್ತಾಗದಷ್ಟು ಚೊಕ್ಕವಾಯಿತು. ನಡುಗೋಡೆಯ ಕಿಟಕಿ ಮಾತ್ರ ಮುಚ್ಚಿತು. ವಾಣಿಶ್ರೀ ಆ ಕಡೆ ಮುಖ ಹಾಕಲಿಲ್ಲ. ಅಲ್ಮಾಸಬಿ ನಾಚಿಕೆಯಿಂದ ಈ ಕಡೆ ಮುಖ ಹಾಕಲಿಲ್ಲ. ಗುರುವಾರ ನಾನು ಕೆಲಸದಿಂದ ಬಂದಾಗ ಆಡು ಕಟ್ಟುವ ಗೂಟ ಖಾಲಿ ಇತ್ತು.

"ಶಹಜಾದಿ ಎಲ್ಲೆ?" ಎಂದೆ.

"ಲಕ್ಷ್ಮೇಶ್ವರಕ್ಕ ಮಗಳ ಮನಿಗೆ ಕೊಟ್ಟ ಬಂದಾರಂತ" ಎಂದಳು ವಾಣಿಶ್ರೀ ರೊಟ್ಟಿ ಬಡಿಯುತ್ತ. "ನಾನೇನು ಕಳಸ್ರಿ ಅಂದಿದ್ದಿಲ್ಲ. ಕಟ್ಟಿ ಹಾಕ್ರಿ ಅಂದಿದ್ದೆ." ಅವಳ ದನಿಯೂ ಸರಿ ಇರಲಿಲ್ಲ. ಅಭ್ಯಾಸಬಲದಿಂದ ಒಂದು ರೊಟ್ಟಿ ಹೆಚ್ಚಿಗೆ ಮಾಡಿದ್ದಳು. ಅದನ್ನು ಯಾರೂ ತಿನ್ನಲಿಲ್ಲ.

ಸಂಜೆ ಗೋಡೆಯ ಆಚೆಯಿಂದ ಅಲ್ಮಾಸಬಿ ಎಂದಿನಂತೆ "ಶಹಜಾದಿ, ಬಾ ಅವ್ವಾ" ಎಂದು ಕರೆದದ್ದು ಕೇಳಿಸಿತು. ಆಮೇಲೆ ನೆನಪಾಗಿರಬೇಕು, ದನಿ ನಡುವೆಯೇ ನಿಂತಿತು. ಮರುದಿನವೂ ಹಾಗೇ ಆಯಿತು. ಸಾವಿರಾರು ಜನರ ಪರವಾಗಿ ವಾದ ಹೂಡಿದವನು ನಾನು, ನನ್ನ ಪರವಾಗಿ ನನಗೇ ಒಂದು ವಾಕ್ಯ ಹೊಳೆಯಲಿಲ್ಲ. ಒಂದು ಹೆಂಚಿನ ತುಂಡು ಇಡಲು ಆಲಸ್ಯ ಮಾಡಿ, ಇಪ್ಪತ್ತು ವರ್ಷದ ನೆರೆಯವರ ಮನೆ ಖಾಲಿ ಮಾಡಿದ್ದೆ.

ಆಡನ್ನು ವಾಪಸು ತರಿಸಿಬಿಟ್ಟರೆ ಅರ್ಧ ಪಾಪ ತೊಳೆದೀತು ಎಂದು ನಜೀರಸಾಬರ ಅಂಗಡಿಗೆ ಹೋದೆ.

"ಸಾಬ್ರ, ನಾನ ಗಾಡಿ ತರತೀನಿ, ಇಬ್ಬರೂ ಲಕ್ಷ್ಮೇಶ್ವರಕ್ಕ ಹೋಗಿ ಕರಕೊಂಡ ಬರೋಣು."

ಅವರು ತಗಡು ಕತ್ತರಿಸುವುದನ್ನು ನಿಲ್ಲಿಸಿದರು. "ಮಗಳನ ಕೊಟ್ಟ ಮನಿಗೆ ಕೊಟ್ಟಿದ್ದನ್ನ ತಿರುಗಿ ಕೇಳಾಕ ಬರತೈತೇನ್ರಿ ಅಣ್ಣಾರ? ಬೀಗರು ಏನ್ ತಿಳಕೊಂಡಾರು. ಅಲ್ಲೇ ಮೊಮ್ಮಗಳು ಅಲ್ಫಿಯಾ ಅದರ ಹಾಲಿಗೆ ಹೊಂದಿಕೊಂಡಾಳಂತ. ಹೋಗ್ಲಿ ಬಿಡ್ರಿ."

ಹೌದು, ಅದು ನಮ್ಮ ಕಡೆ ಯಾರ ಮನೆಯಲ್ಲೂ ಆಗದ ಮಾತು. ಬಂಗಾರವಾಗಲಿ ಬಡ ಆಡಾಗಲಿ, ಮಗಳ ಮನೆಯ ಹೊಸ್ತಿಲು ದಾಟಿದ್ದು ದಾಟಿತು. ಇನ್ನು ಉಳಿದದ್ದು ಒಂದೇ ದಾರಿ, ಆಡಿನ ಹೆಸರನ್ನಾದರೂ ತೊಳೆಯುವುದು. ಆ ಭಾನುವಾರ ಊಟಕ್ಕೆ ಮೊದಲೇ (ಊಟದ ನಂತರ ಧೈರ್ಯ ಮಲಗಿಬಿಡುತ್ತದೆ) ಹೆಂಡತಿಯನ್ನು ಕೂಡಿಸಿಕೊಂಡೆ.

"ವಾಣಿ, ಗಾಡಿ ಕೆಡವಿದ್ದು ಆಡಲ್ಲ. ನಾನು."

"ಏನಂದ್ರಿ?"

"ಕುರ್ತಕೋಟಿ ದಾರ್ಯಾಗ ಎರಿ ಮ್ಯಾಲ ಹಚ್ಚಿದ್ದೆ. ಹೆಂಚು ಇಡಲಿಲ್ಲ. ಸ್ಟ್ಯಾಂಡ್ ಹೂತು ಹದ್ದಿನ ಕಲ್ಲಿನ ಮ್ಯಾಲ ಬಿತ್ತು."

ಸಿಡಿಲು ಎರಗಲೆಂದು ಕಣ್ಣು ಮುಚ್ಚಿ ಕೂತೆ. ಎರಗಲಿಲ್ಲ. ಕಣ್ಣು ತೆರೆದರೆ ವಾಣಿಶ್ರೀ ನನ್ನನ್ನೇ ನೋಡುತ್ತಿದ್ದಳು, ಮದುವೆಯ ಹೊಸದರಲ್ಲಿ ನೋಡುತ್ತಿದ್ದ ಹಾಗೆ.

"ಅಲ್ಮಾಸಬಿ ಅಳೋದು ನಿಮಗೂ ಕೇಳಿಸೈತಿ, ಹೌದಿಲ್ಲೋ?" ಎಂದಳು ಮೆತ್ತಗೆ.

"ಕೇಳಿಸೈತಿ. ಆದರ ಇದು ಖರೆ ಸಂಗತಿ."

"ನೋಡ್ರಿ, ಇಪ್ಪತ್ತೆರಡ ವರ್ಷದಾಗ ಒಂದ ದಿನಾರ ನೀವು ತಪ್ಪ ನಂದು ಅಂದೀರೇನು? ಗಡಿಯಾರ ಬಿದ್ದಾಗ ಮೊಳೀ ಜೋಡಿ ಜಗಳ ಆಡಿದವರು ನೀವು. ಖರೇನ ನೀವು ಕೆಡವಿದ್ರ ಜೀವ ಹೋದ್ರೂ ಒಪ್ಪತಿದ್ದಿಲ್ಲ. ಅಕಿ ಸಲುವಾಗಿ ಮೈಮ್ಯಾಲ ತಗೊಳಾಕ ಹೊಂಟೀರಿ."

"ಹೆಂಚು ಇಡಲಿಲ್ಲ ಅಂದೆನಲ್ಲ."

"ಹೊಂಟಾಗ ಹೇಳೇನಿ, ಡಿಕ್ಕಿಯೊಳಗ ಇಟ್ಟ ಕೊಟ್ಟೇನಿ. ಅಷ್ಟಾದಮ್ಯಾಲ ಇಡದ ಇರಾಕ ನೀವೇನು ಅಷ್ಟು ದಡ್ಡರೇನು?"

ಇಪ್ಪತ್ತೆರಡು ವರ್ಷಗಳಲ್ಲಿ ಅವಳು ನನ್ನ ಬುದ್ಧಿಯ ಪರವಾಗಿ ಮಾತಾಡಿದ್ದು ಅದೇ ಮೊದಲು. ನಾನು ದಡ್ಡ ಎಂದು ಸಾಧಿಸಲು ಅರ್ಧ ಗಂಟೆ ವಾದಿಸಿದೆ. ಕೇಸು ಬಿದ್ದುಹೋಯಿತು. ಸಾಕ್ಷಿ ತರೋಣವೆಂದರೆ ಆ ಇಬ್ಬರು ಹೆಣ್ಣುಮಕ್ಕಳ ಹೆಸರು ಗೊತ್ತಿಲ್ಲ. ಮಣ್ಣು ತೋರಿಸೋಣವೆಂದರೆ ನಾನೇ ನಿಂತು ತೊಳೆಸಿದ್ದೇನೆ. ನೆಗ್ಗು ತೋರಿಸೋಣವೆಂದರೆ ನಜೀರಸಾಬರು ಕನ್ನಡಿಯಂತೆ ಮಾಡಿಟ್ಟಿದ್ದಾರೆ. ಬಾಯಿಮಾತು ನಡೆಯದಿದ್ದಲ್ಲಿ ಕಾಗದ ನಡೆಯುತ್ತದೆ ಎಂಬುದು ನನ್ನ ಉದ್ಯೋಗದ ನಂಬಿಕೆ. ಸೋಮವಾರ ಬೇವಿನ ಗಿಡದ ಕೆಳಗೆ ಕೂತು, ಬಂದ ಪಕ್ಷಗಾರರನ್ನು ಕಾಯಿಸಿ, ಛಾಪಾ ಕಾಗದದ ಮೇಲೆ ನನ್ನದೇ ಪ್ರಮಾಣಪತ್ರ ಬರೆದೆ. 'ಸದರಿ ಘಟನೆಗೂ ಸದರಿ ಆಡಿಗೂ ಯಾವುದೇ ಸಂಬಂಧ ಇರುವುದಿಲ್ಲ, ಸಂಪೂರ್ಣ ಹೊಣೆ ನನ್ನದೇ ಇರುತ್ತದೆ' ಎಂದು ಬರೆದು ಕೆಳಗೆ ನನ್ನದೇ ಸಹಿ ಹಾಕಿದೆ. ನನ್ನ ಜೀವಮಾನದಲ್ಲಿ ಬರೆದ ಕಾಗದಗಳಲ್ಲಿ ಪೂರ್ತಿ ಖರೆ ಇದ್ದದ್ದು ಬಹುಶಃ ಅದೊಂದೇ.

ಸಂಜೆ ವಾಣಿಶ್ರೀಯನ್ನೂ ಕರೆದುಕೊಂಡು ನಜೀರಸಾಬರ ಮನೆಗೆ ಹೋಗಿ ಕಾಗದ ಅವರ ಕೈಯಲ್ಲಿಟ್ಟೆ. ಅವರು ಚಷ್ಮಾ ಹಾಕಿಕೊಂಡು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, ನೆಗ್ಗು ತಡವುವವರ ಹಾಗೆ ಕಾಗದದ ಮೇಲೆ ಬೆರಳಾಡಿಸಿದರು. ನನಗೆ ಆಸೆ ಹುಟ್ಟಿತು. ತಗಡಿನ ಮರ್ಮ ಬಲ್ಲ ಮನುಷ್ಯ, ಇವರಾದರೂ ನಂಬುತ್ತಾರೆ.

"ಆ ನೆಗ್ಗು ನೋಡಿದಾಗ ನನಗೂ ಅನುಮಾನ ಬಂದಿತ್ತು" ಎಂದರು.

"ನೋಡ್ರಿ ಮತ್ತ" ಎಂದೆ ಉತ್ಸಾಹದಿಂದ.

"ಆದರ ಅವತ್ತ ನೀವ ಬಾಯಿಬಿಟ್ಟ ಹೇಳಿದ್ರಲ್ರಿ, ಅಂಗಳದ ಕಲ್ಲಿಗೆ ಬಡದೈತಿ ಅಂತ. ನೀವು ನನ್ನ ಮುಂದ ಸುಳ್ಳ ಹೇಳೋ ಪೈಕಿ ಅಲ್ಲ. ಇದನ್ನ ನೀವು ನಮ್ಮ ಸಲುವಾಗಿ ಬರದೀರಿ." ಅವರು ಚಷ್ಮಾ ತೆಗೆದು ಕಣ್ಣೊರೆಸಿಕೊಂಡರು.

ಅಲ್ಮಾಸಬಿ ಆ ಕಾಗದವನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿ, ಮಗಳ ನಿಕಾಹದ ಕಾಗದದ ಜೊತೆ ಇಟ್ಟರು. ಆಮೇಲೆ ನನ್ನ ಎದುರು ಬಂದು ನಿಂತರು.

"ಅಣ್ಣಾರ, ಬಾಯಿ ಇಲ್ಲದ ಜಾನವಾರ, ತಪ್ಪ ಮಾಡೈತಿ. ಅದರ ತಪ್ಪ ನೀವು ತಲಿಮ್ಯಾಲ ಹೊತ್ತಗೊಂಡ್ರಿ. ನಾ ಅವತ್ತ ಕಣ್ಣಿಲೆ ನೋಡೀರೇನು ಅಂತ ನಿಮ್ಮನ್ನ ಕೇಳಬಾರದಿತ್ತು. ಮಾಫ್ ಮಾಡೇನಿ ಅಂತ ಒಂದ ಮಾತ ಅನ್ರಿ. ನನಗೂ, ಶಹಜಾದಿಗೂ."

"ಅಲ್ರಿ, ನಾನು ನಿಮ್ಮನ್ನ ಕೇಳಬೇಕು—"

"ಅನ್ರಿ ಅಣ್ಣಾರ. ನೀವು ಅನ್ನೋತನಕ ನನ್ನ ಜೀವಕ್ಕ ಸಮಾಧಾನ ಇಲ್ಲ."

ನಾನು ನಜೀರಸಾಬರ ಕಡೆ ನೋಡಿದೆ. ಅವರು ಕಾಯುತ್ತಿದ್ದರು. ವಾಣಿಶ್ರೀ ಹಿಂದಿನಿಂದ ನನ್ನ ಮೊಣಕೈ ತಿವಿದು, "ಅಂದುಬಿಡ್ರಿ ಪಾಪ" ಎಂದಳು. ಅಲ್ಮಾಸಬಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಇನ್ನು ಖರೆಯ ಹಟ ಹಿಡಿದರೆ ಅವರನ್ನು ಇನ್ನಷ್ಟು ಅಳಿಸಿದಂತಾಗುತ್ತಿತ್ತು.

"ಮಾಫ್ ಮಾಡೇನಿ" ಎಂದೆ.

ಅಲ್ಮಾಸಬಿ ಸೆರಗಿನಿಂದ ಮುಖ ಒರೆಸಿಕೊಂಡು ವಾಣಿಶ್ರೀಯ ಕೈ ಹಿಡಿದರು. ಎಂಟು ದಿನದ ಮೇಲೆ ಇಬ್ಬರೂ ಕೂಡಿ ಒಳಗೆ ಹೋಗಿ, ಒಬ್ಬರನ್ನೊಬ್ಬರು ಬೈಯುತ್ತ, ಅಳುತ್ತ, ಚಹಾಕ್ಕೆ ಇಟ್ಟರು. ನಡುಗೋಡೆಯ ಕಿಟಕಿ ತೆರೆದ ಸದ್ದು ಕೇಳಿಸಿತು.

"ನಮ್ಮವರದು ಬಾಯಿ ಅಷ್ಟ ಜೋರು ಅಲ್ಮಾಸಬಿ, ಮನಸು ದೊಡ್ಡದು" ಎನ್ನುತ್ತಿದ್ದಳು ವಾಣಿಶ್ರೀ.

"ಅದಕ್ಕೇನ್ರಿ ಅಕ್ಕಾರ, ಇಂಥಾ ಮನಶ್ಯಾ ಸಿಗಂಗಿಲ್ಲ" ಎನ್ನುತ್ತಿದ್ದರು ಅಲ್ಮಾಸಬಿ.

ನಾನು ತಲೆ ತಗ್ಗಿಸಿ ಕೂತೆ. ನಜೀರಸಾಬರು ನನ್ನನ್ನು ನೋಡಿ, ಒಳಗಿನವರಿಗೆ ಕೇಳುವಂತೆ, "ಸಾಕ ಮಾಡ್ರಿ, ಅಣ್ಣಾರು ಸಂಕೋಚ ಪಟ್ಟಗೊಳ್ಳಾಕ ಹತ್ತ್ಯಾರ" ಎಂದರು.